ಲೋಣಾರದ ದಾರಿಯಲ್ಲಿ ಹಿಡಿದ ಸೀಟು

ಪ್ರಕೃತಿಯ ವಿರಾಟ್ ರೂಪದ ಎದುರು ಮನುಷ್ಯನ ಅಹಂಕಾರ ಕರಗುತ್ತದೆ. ಆದರೆ ಕರಗುವುದಕ್ಕೆ ಮೊದಲು ಬಸ್ಸಿನಲ್ಲಿ ಸೀಟು ಸಿಗಬೇಕು. ಉಲ್ಕೆ ಬಿದ್ದು ಆದದ್ದಾದರೂ ಜ್ವಾಲಾಮುಖಿಯ ಬಾಯಿ ಎಂದೇ ಜನ ಹೇಳುವ ಲೋಣಾರದ ದೊಡ್ಡ ಕೆರೆಗೆ ಪುಣೆಯಿಂದ ಔರಂಗಾಬಾದು, ಜಾಲನಾ ಎಂದು ಬಸ್ಸು ಬದಲಿಸುತ್ತ ಹೋಗಬೇಕು. ಮೊದಲ ಬಸ್ಸಿಗೇ ನಾನು ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿದೆ. ಹತ್ತಿ ನೋಡಿದರೆ ಕೂಸನ್ನೆತ್ತಿಕೊಂಡ ಗಾರೆ ಕೆಲಸದ ಹೆಂಗಸೊಬ್ಬಳು ಅದರ ಮೇಲೆ ಕೂತಿದ್ದಳು. ಕರವಸ್ತ್ರದ ಹಕ್ಕನ್ನು ಗಂಭೀರವಾದ ಮರಾಠಿಯಲ್ಲಿ ವಿವರಿಸಿ ಅವಳನ್ನು ಎಬ್ಬಿಸಿದೆ.

ನನ್ನ ಮರಾಠಿ ಕೇಳಿ ನನಗೆ ಕನ್ನಡ ಬಾರದೆಂದು ನಂಬಿದ, ಪಕ್ಕದಲ್ಲೇ ನಿಂತಿದ್ದ ಅವಳ ಗಂಡ, "ನಾಚಿಕಿ ಅನ್ನೂದು ಇಲ್ಲ ನೋಡು ಇವಗ," ಎಂದ.

"ಬೈಬ್ಯಾಡ್ರಿ, ವಯಸ್ಸಾಗ್ಯದ. ಕಾಲು ನೋಯ್ತಿರಬೇಕು ಪಾಪ," ಎಂದಳು ಅವಳು.

ಆಗ ಎದ್ದಿದ್ದರೆ ನನಗೆ ಕನ್ನಡ ಬರುತ್ತದೆಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಅಹಮದನಗರದವರೆಗೆ ಅವಳು ನಿಂತೇ ಬಂದಳು.