ಬಿದ್ದ ಸ್ವಿಚ್ಚನ್ನು ಎತ್ತುತ್ತ

ನನ್ನ ಪತ್ನಿಯ ಶ್ವಾಸಕೋಶಗಳು ಸೋತ ಮೇಲೆ, ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಯಂತ್ರವೊಂದು ಶಿಗ್ಗಾವಿಯ ನಮ್ಮ ಮನೆಗೆ ಬಂದಿತು. ಅವಳ ಮಂಚದ ಬದಿಯ ಸಾಕೆಟ್ಟಿಗೆ ಅದನ್ನು ಜೋಡಿಸಿ, ಸಣ್ಣ ನಳಿಕೆಯನ್ನು ಮೂಗಿಗೆ ಇಟ್ಟರು. ಹಗಲಿರುಳು ಇದು ನಡೆಯುತ್ತಿರಬೇಕು ಎಂದು ವೈದ್ಯರು ಹೇಳಿದ್ದರು. ಮೂರನೆಯ ವಾರದಲ್ಲಿ ಅದು ನಿಲ್ಲತೊಡಗಿತು.

ದೋಷ ಯಂತ್ರದ್ದಲ್ಲ. ಮನೆಗೆಲ್ಲ ಒಂದೇ ಸುರಕ್ಷತಾ ಸ್ವಿಚ್ಚು, ಪಡಸಾಲೆಯ ಬಾಗಿಲ ಮೇಲೆ. ಬೆಳಗಿನ ಎಂಟರ ಸುಮಾರಿಗೆ ಅದು ಟಪ್ಪೆಂದು ಕೆಳಗೆ ಬೀಳುತ್ತಿತ್ತು. ನಾನು ಸ್ಟೂಲು ಹತ್ತಿ ಎತ್ತಿದರೆ, ಕೈ ಬಿಡುವುದರೊಳಗೆ ಮತ್ತೆ ಬೀಳುತ್ತಿತ್ತು. ಒಳಗಿನಿಂದ ಅವಳು ಏದುವ ಸದ್ದು ಕೇಳುತ್ತಿತ್ತು. ಇಂಥ ಹೊತ್ತಿಗೆಂದು ತರಿಸಿಟ್ಟ ಸಿಲಿಂಡರನ್ನು ತೆರೆದು, ಅದರ ಮುಳ್ಳು ಸೊನ್ನೆಯತ್ತ ಸರಿಯುವುದನ್ನು ನೋಡುತ್ತ ಕುಳಿತುಕೊಳ್ಳುವುದೊಂದೇ ಉಳಿದ ದಾರಿಯಾಗಿತ್ತು. ಮಧ್ಯಾಹ್ನವಾದ ಮೇಲೆ ಎತ್ತಿದರೆ ಸ್ವಿಚ್ಚು ಏನೂ ಆಗದಂತೆ ನಿಲ್ಲುತ್ತಿತ್ತು.

ಶಾಲೆಯಲ್ಲಿ ಪಾಠ ಹೇಳುವ ಸೊಸೆ ಮೊದಲು ಮಿಕ್ಸರನ್ನು ಸಂಶಯಿಸಿ, ಒರಳಿನಲ್ಲಿ ಚಟ್ನಿ ಅರೆದಳು. ಆಮೇಲೆ ಫ್ರಿಜ್ಜಿನ ಪಿನ್ನು ಕಿತ್ತಳು, ಹಾಲು ಒಡೆಯಿತು. ಕಡೆಗೆ ಮನೆಯ ಒಂದೊಂದು ಪಿನ್ನನ್ನೂ ಕಿತ್ತಿಟ್ಟಳು. ಖಾಲಿ ಸಾಕೆಟ್ಟುಗಳ ಮನೆಯಲ್ಲಿಯೂ ಸ್ವಿಚ್ಚು ಬಿದ್ದಿತು.

ಬಂಕಾಪುರದಿಂದ ವಯಸ್ಸಾದ ಮಿಸ್ತ್ರಿಯೊಬ್ಬರು ಬರುತ್ತಿದ್ದರು. ಬೆಳಗ್ಗೆ ಅವರಿಗೆ ಬೇರೆ ಕೆಲಸವಿರುತ್ತಿದ್ದುದರಿಂದ ನಮ್ಮ ಮನೆಗೆ ಮಧ್ಯಾಹ್ನದ ಸರದಿ.

"ನಿಮ್ಮ ಸ್ವಿಚ್ಚಿಗೆ ನನ್ನ ಕಂಡ್ರ ಅಂಜಿಕಿ ನೋಡ್ರಿ ಅಜ್ಜಾರ," ಎಂದು ಅವರು ನಗೆಯಾಡಿದರು. "ನಾ ಬಂದಾಗ ಗಪ್ಪನ ನಿಂದ್ರತೈತಿ." ಸಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ ಮೇಲೆ ಕೇಳಿದರು: "ಎಲ್ಲಾ ಮುಗದೂವಲ್ರಿ? ಯಾವದೂ ಉಳದಿಲ್ಲಲ್ಲ?"

"ಇಲ್ಲ," ಎಂದೆ. ಅವರು ದೇವರ ಮನೆಯ ಕಡೆ ಒಮ್ಮೆ ನೋಡಿ, ಹೊಸ್ತಿಲಿನಿಂದಾಚೆಯೇ ಕೈಮುಗಿದು ಹೋದರು. ಸ್ನಾನವಿಲ್ಲದೆ ಆ ಕೋಣೆಗೆ ಯಾರೂ ಬರಬಾರದೆಂಬುದು ನಮ್ಮ ಮನೆಯ ನಿಯಮ. ಅವರು ಅದನ್ನು ಬಲ್ಲವರು. ಅವರು ಬಲ್ಲರೆಂಬುದು ನನಗೂ ಸಮಾಧಾನವೇ ಆಗಿತ್ತು.

ಐದನೆಯ ದಿನ ಅವಳ ತುಟಿಗಳು ನೀಲಿಗಟ್ಟಿದವು. ಅಂದು ಮಧ್ಯಾಹ್ನ ನಾನು ಮಿಸ್ತ್ರಿಯ ಕೈ ಹಿಡಿದು ಬೇಡಿಕೊಂಡೆ: "ಆ ಸ್ವಿಚ್ಚು ಕಿತ್ತ ಒಗೀರಿ. ತಂತಿ ನೇರ ಕೊಟ್ಟಬಿಡ್ರಿ. ಯಂತ್ರ ನಡದ್ರ ಸಾಕು ನನಗ."

"ಏನ್ ಮಾತಾಡ್ತೀರಿ ಅಜ್ಜಾರ? ಅಮ್ಮಾರು ಕಬ್ಬಿಣದ ಮಂಚದ ಮ್ಯಾಲ ಅದಾರ. ಎಲ್ಲೋ ಕರೆಂಟ್ ಸೋರಾಕತ್ತೈತಿ, ಅದಕ್ಕ ಅದು ಬೀಳತೈತಿ. ನನ್ನ ಕೈಲೆ ಆ ಪಾಪದ ಕೆಲಸ ಆಗೂದಿಲ್ರಿ."

ಐವತ್ತು ವರ್ಷ ಸಂಸ್ಕೃತ ಓದಿಸಿದ ನಾನು, ಏನನ್ನು ಬೇಡುತ್ತಿರುವೆನೆಂಬ ವಿವೇಕವನ್ನೂ ಕಳೆದುಕೊಂಡಿದ್ದೆ.

ಮರುದಿನ ಎಂಟಕ್ಕೆ ಮತ್ತೆ ಅದೇ ಸದ್ದು. ಸಿಲಿಂಡರಿನ ತಿರುಪನ್ನು ತಿರುವುತ್ತಿದ್ದಾಗ ನನ್ನ ಪತ್ನಿ, ಮಾತಿಗೊಮ್ಮೆ ಉಸಿರು ಹಿಡಿದು, ಹುಸಿನಗೆಯಿಂದ ಅಂದಳು: "ಒಂದ ಮಾತು... ಸಿಟ್ಟಾಗಬ್ಯಾಡ್ರಿ. ನಿಮ್ಮ ಪೂಜಿ ಮುಗದ ಮ್ಯಾಲನ... ನನ್ನ ಉಸಿರ ಕಟ್ಟತೈತಿ, ದಿನಾ."

ಸಿಟ್ಟೇ ಬಂದಿತು. ಅದು ಇಳಿಯುವ ಮುನ್ನವೇ ದೇವರ ಮನೆಯ ನೀರು ನೆನಪಾಯಿತು.

ಯಂತ್ರ ಬಂದ ಮೇಲೆ ನಾನೊಂದು ಸಂಕಲ್ಪ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ದೇವರ ಮನೆಯ ಕಟ್ಟೆಯ ಮೇಲಿನ ಶಿವಲಿಂಗಕ್ಕೆ ಅದುವರೆಗೆ ನಿತ್ಯ ಒಂದು ತಂಬಿಗೆ ನೀರಿನ ಅಭಿಷೇಕವಾಗುತ್ತಿತ್ತು. ಅವಳ ಆಯುಸ್ಸಿಗಾಗಿ ಅದನ್ನು ರುದ್ರಪಠಣದೊಡನೆ ಹನ್ನೊಂದು ತಂಬಿಗೆಗೆ ಏರಿಸಿದ್ದೆ. ಆ ನೀರು ಗೋಡೆಯೊಳಗಿನ ಕೊಳವೆಯಲ್ಲಿ ಹಾಯ್ದು ಹಿತ್ತಲಿಗೆ ಹೋಗುತ್ತದೆ. ಆ ಕೊಳವೆಯ ಕೆಳಗೆ, ಎಂದೋ ಹಬ್ಬದ ದೀಪಮಾಲೆಗೆಂದು ಕೂಡಿಸಿದ ಒಂದು ಸಾಕೆಟ್ಟಿತ್ತು. ಮಿಸ್ತ್ರಿ ಕೇಳಿದಾಗ ನಾನು ಇಲ್ಲವೆಂದದ್ದು ಇದನ್ನು ಬಿಟ್ಟು. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ದೇವರ ಮನೆಯನ್ನು ನಾನು ಮನೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಯಲವಿಗಿಯಲ್ಲಿ ಕೆಲಸ ಹಿಡಿದಿದ್ದ ಮಿಸ್ತ್ರಿ ಫೋನಿನಲ್ಲಿ ನನ್ನ ದನಿ ಕೇಳಿದವರೇ ಅದನ್ನು ಬಿಟ್ಟು ಬಂದರು. ಬಂದವರು ದೇವರ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು.

"ನಂದು ಜಳಕಾ ಆಗಿಲ್ರಿ. ನಿನ್ನಿ ಮಟನ್ ಬ್ಯಾರೆ ಉಂಡೇನಿ."

"ಬರ್ರಿ ಒಳಗ," ಎಂದೆ.

"ಅಜ್ಜಾರ, ಆಮ್ಯಾಲ ನೀವ..."

"ಬರ್ರಿ ಅಂದ್ನಲ್ಲ! ಅಕಿಗೆ ಉಸಿರಿಲ್ಲ ಅಲ್ಲೆ!"

ಮೇನ್ ಆರಿಸಿ, ಅವರು ಲಿಂಗದ ಮುಂದೆ ಮಂಡಿಯೂರಿ ಕುಳಿತು ಸಾಕೆಟ್ಟಿನ ಮುಚ್ಚಳ ಬಿಚ್ಚಿದರು. ಒಳಗಿನಿಂದ ಅಭಿಷೇಕದ ನೀರು ಅವರ ಮೊಣಕೈವರೆಗೆ ಹರಿಯಿತು. ಕೊಳವೆ ಗೋಡೆಯೊಳಗೆ ಒಡೆದಿತ್ತು. ಹನ್ನೊಂದು ತಂಬಿಗೆಯಲ್ಲಿ ಎಷ್ಟು ಹಿತ್ತಲಿಗೆ ಹೋಗುತ್ತಿತ್ತೋ, ಎಷ್ಟು ಈ ತಂತಿಗಳಿಗೆ ಸಲ್ಲುತ್ತಿತ್ತೋ! ಮಧ್ಯಾಹ್ನದೊಳಗೆ ಅದು ಬಸಿದು ಒಣಗಿರುತ್ತಿತ್ತು. ಅವರು ಆ ಸಾಕೆಟ್ಟಿಗೆ ಬರುವ ತಂತಿಗಳನ್ನು ನೀರು ತಲುಪದ ಹಿಂದಿನ ಜೋಡಣೆಯ ಪೆಟ್ಟಿಗೆಯಲ್ಲಿಯೇ ಕತ್ತರಿಸಿ, ತುದಿಗಳಿಗೆ ಟೇಪು ಸುತ್ತಿದರು. ಮೇನ್ ಹಾಕಿ, ಸ್ಟೂಲು ಹತ್ತಿ ಸ್ವಿಚ್ಚನ್ನು ಎತ್ತಿದರು. ನಿಂತಿತು. ಒಳಗೆ ಯಂತ್ರ ಗುರುಗುಟ್ಟಿತು.

ನಾನು ಮಂಚದ ಬದಿಗೆ ಹೋಗಿ ಕುಳಿತೆ. ಹೇಳದೆ ಗತ್ಯಂತರವಿರಲಿಲ್ಲ. ಸಂಕಲ್ಪವನ್ನು, ಹನ್ನೊಂದು ತಂಬಿಗೆಯನ್ನು, ಯಾರಿಗಾಗಿ ಎಂಬುದನ್ನು, ತಲೆ ತಗ್ಗಿಸಿ ಹೇಳಿ ಮುಗಿಸಿದೆ.

"ನನ್ನ ಸಲುವಾಗಿ ಹಾಕಿದ ನೀರು... ನನಗ ಮುಟ್ಟೇತಿ ಬಿಡ್ರಿ," ಎಂದು ನಕ್ಕಳು. ನಗೆ ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು. ಮೂಗಿನಿಂದ ಜಾರಿದ ನಳಿಕೆಯನ್ನು ಸರಿಪಡಿಸಲು ನನ್ನ ಬೆರಳುಗಳಿಗೆ ಆಗಲಿಲ್ಲ. ಒದ್ದೆ ತೋಳಿನ ಮಿಸ್ತ್ರಿಯೇ ಒಳಗೆ ಬಂದು, ಕೈಯನ್ನು ಅಂಗಿಗೆ ಒರೆಸಿಕೊಂಡು, ಅದನ್ನು ಮೆಲ್ಲಗೆ ಕೂಡಿಸಿದರು.