ಚಿಕ್ಕಪ್ಪನ ಕೆರೆಯ ಒದ್ದೆ ದಂಡೆ

ಜನವರಿ 19, ಭಾನುವಾರ, ಬೆಳಿಗ್ಗೆ 8.10. ಮಾದಾಪುರದ ಚಿಕ್ಕಪ್ಪನ ಕಾಫಿ ತೋಟದಲ್ಲಿ ನಾನು ಕೆರೆಯೊಳಕ್ಕೆ ಹಿಮ್ಮುಖವಾಗಿ ನಡೆಯುತ್ತಿದ್ದೆ. (ಕಾಲಿಗೆ ಬಾತುಕೋಳಿ ಪಾದದಂಥ ಫಿನ್ ಹಾಕಿದವರು ನೀರಿಗಿಳಿಯುವುದೇ ಹಾಗೆ. ಮುಂದಕ್ಕೆ ನಡೆದರೆ ಮುಗ್ಗರಿಸುವುದು ಗ್ಯಾರಂಟಿ.)

"ಹಣ್ಣು ಕೊಯ್ಯೋಕೆ ಕರೆದ್ರೆ ಬರಲ್ಲ, ಕೆರೆಗೆ ಬೀಳೋಕೆ ಮಂಗಳೂರಿಂದ ಚಪ್ಪಲಿ ತರಿಸ್ತಾಳೆ" ಎಂದರು ದಂಡೆಯಲ್ಲಿದ್ದ ಚಿಕ್ಕಪ್ಪ.

ಕಳೆದ ವರ್ಷ ನಾನೂ ಗೆಳತಿ ಶಬಾನಾಳೂ ಕರಾವಳಿಗೆ ಹೋಗಿ ಸ್ಕೂಬಾ ಡೈವಿಂಗ್ ಕಲಿತೆವು. ಅಭ್ಯಾಸಕ್ಕೆ ಪ್ರತಿ ಸಲ ಘಟ್ಟ ಇಳಿಯಲಾಗುತ್ತದೆಯೇ? ಕೊಡಗಿನಲ್ಲೇ ಜಾಗ ಹುಡುಕುತ್ತಿದ್ದೇವೆ. ದೋಣಿಯಿಲ್ಲದೆ ದಡದಿಂದಲೇ ಇಳಿಯುವಂತಿರಬೇಕು. ಗಾಳಿಯ ಸಿಲಿಂಡರ್ ಹೊರುವ ಮೊದಲು ಉಸಿರಾಟದ ಕೊಳವೆ, ಅಂದರೆ ಸ್ನಾರ್ಕೆಲ್ ಹಾಕಿ ತಳ ನೋಡಿಕೊಳ್ಳಬೇಕು. ನನ್ನ ಡೈರಿಯಲ್ಲಿ ಆರು ಕೆರೆಗಳ ಮೇಲೆ ಆಗಲೇ ಅಡ್ಡಗೆರೆ ಬಿದ್ದಿತ್ತು. ಮೂರು ಕಡೆ ಕೆಸರು, ಎರಡು ಕಡೆ ಕಡಿದಾದ ದಂಡೆ, ಒಂದು ಕಡೆ ನಾಯಿ.

ಈ ಏಳನೆಯದಕ್ಕೆ ಗಡುವೂ ಇತ್ತು. ಮಂಗಳವಾರ ಜೆಸಿಬಿ ಬರುವುದಿತ್ತು. ಕೆರೆಯ ಒಂದು ದಂಡೆ ಸದಾ ಒದ್ದೆ. ನೀರು ಅಲ್ಲೇ ಸೋರುತ್ತಿದೆಯೆಂದು ಚಿಕ್ಕಪ್ಪನ ಲೆಕ್ಕ. ಆ ಬದಿಯನ್ನು ಕಡಿದು, ಜೇಡಿಮಣ್ಣು ಬಡಿದು, ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿಬಿಡುವುದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಲು ಅವರಿಗಿರುವುದು ಇದೊಂದೇ ಕೆರೆ. ಹೆದರಿದ್ದರಲ್ಲಿ ತಪ್ಪೇನು?

ಇಳಿಯಲು ಸಲೀಸಾಗಿದ್ದದ್ದೂ ಆ ಬದಿಯೇ. ಮೆಲ್ಲನೆ ಇಳಿಜಾರು, ಕಾಲಡಿ ಮರಳು. ನನಗೆ ಕಟ್ಟಿದ ಹಗ್ಗದ ತುದಿ ದಂಡೆಯಲ್ಲಿದ್ದ ಶಬಾನಾ ಕೈಯಲ್ಲಿ. ಸೊಂಟಮಟ್ಟದ ನೀರಿನಲ್ಲಿ ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಪಾದಕ್ಕೆ ಮಾತ್ರ ಬೆಚ್ಚಗೆ!

ಮುಖ ಮುಳುಗಿಸಿದೆ. ತಳದಲ್ಲಿ ಒಂದೇ ಕಡೆ ಮರಳು ಅನ್ನ ಕುದಿಯುವ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು.

ಹೇಳಿದರೆ ಚಿಕ್ಕಪ್ಪ ನಂಬಲಿಲ್ಲ. ಮೀನು ಕೆದಕಿರಬೇಕು ಎಂದರು. ಹಾಗಾದರೆ ನೀವೇ ನೋಡಿ ಎಂದೆ. ಬೈಯುತ್ತಲೇ ಪಂಚೆ ಎತ್ತಿ ಕಟ್ಟಿದರು. ಶಬಾನಾ ನನ್ನ ಮಾಸ್ಕನ್ನು ಅವರಿಗೆ ಬಿಗಿದು, ಸ್ನಾರ್ಕೆಲ್ ಕಚ್ಚಿಸಿ, ಬಾಯಲ್ಲೇ ಉಸಿರಾಡುವುದನ್ನು ಎರಡು ಸಲ ಮಾಡಿಸಿದಳು. ನನ್ನ ಭುಜ ಹಿಡಿದು ಬಗ್ಗಿದವರು ಬೇಗ ಏಳಲಿಲ್ಲ. ಎದ್ದವರೇ ಬಾಯಿಂದ ಸ್ನಾರ್ಕೆಲ್ ತೆಗೆದರು.

"ಇದು ಹೋಗೋ ನೀರಲ್ಲ ಕಣೇ, ಬರೋ ನೀರು. ಒರತೆ. ನೆಲದಡಿಯಿಂದ ಬರೋದಕ್ಕೇ ಬೆಚ್ಚಗಿದೆ. ನಾನು ಇದರ ಬಾಯಿಗೇ ಶೀಟ್ ಮುಚ್ಚೋಕೆ ಹೊರಟಿದ್ನಲ್ಲ."

ಮತ್ತೆ ಬಗ್ಗಿದರು.

ದಡದಲ್ಲಿ ನಿಂತವರಿಗೆ ಕಾಣುವುದು ಒದ್ದೆ ಮಾತ್ರ. ಒದ್ದೆ ಕಂಡರೆ ಸೋರಿಕೆ ಎನ್ನುತ್ತೇವೆ, ರಿಪೇರಿಗೆ ಫೋನ್ ಮಾಡುತ್ತೇವೆ. ಮನೆಯೊಳಗೆ ಯಾರದಾದರೂ ಕಣ್ಣು ಒದ್ದೆಯಾದಾಗಲೂ ನಾವು ಹೀಗೇ ಅಲ್ಲವೇ?

ಸ್ಕೂಬಾಕ್ಕೆ ಈ ಕೆರೆಯ ಆಳ ಸಾಲದು, ಸ್ನಾರ್ಕೆಲ್‌ಗೆ ಸಾಕು. ಏಳನೆಯದಕ್ಕೆ ಅಡ್ಡಗೆರೆ ಹಾಕಿಲ್ಲ. ಆದರೆ ಬೇಸಿಗೆಯಲ್ಲಿ ನೀರು ತಗ್ಗುವುದೂ ನಿಜ. ಅದು ಹೋಗುವುದೆಲ್ಲಿಗೆ? ಉಳಿದ ದಂಡೆಗಳನ್ನು ಚಿಕ್ಕಪ್ಪನೇ ನೋಡುತ್ತಾರಂತೆ, ನನ್ನ ಮಾಸ್ಕ್ ವಾಪಸ್ ಕೊಟ್ಟಿಲ್ಲ.

ಒರತೆಗೆ ಪೆಟ್ಟಾಗದಂತೆ ಕೆರೆ ರಿಪೇರಿ ಮಾಡುವುದು ಹೇಗೆ? ತಿಳಿದವರು ದಯವಿಟ್ಟು ಬೇಗ ಬರೆಯಿರಿ: ಜೆಸಿಬಿಗೆ ಸದ್ಯಕ್ಕೆ ಬೇಡ ಎಂದಿದ್ದೇವೆ, ಬೇಡವೇ ಬೇಡ ಎಂದಿಲ್ಲ.