ಬಾವಿಯಲ್ಲಿ ಮುಳುಗಲು ಒಪ್ಪದ ಮಶೀನು

ಮೆಟ್ಟಿಲ ಮೇಲೆ ಬಗ್ಗಿ ಕೊಡ ತುಂಬುವಾಗ ನನ್ನ ಹೆಂಡತಿಯ ಕೈಯಿಂದ ಬಂಗಾರದ ಪಾಟ್ಲಿ ಬಳೆ ಜಾರಿ ಸೀದಾ ಬಾವಿಗೆ ಬಿತ್ತು.

ಕನ್ನಡ ನಾಡು ಒಂದಾದ ಮರುವರ್ಷದ ಬೇಸಿಗೆ. ನಮ್ಮ ಚಿಕ್ಕನರಗುಂದದ ಓಣಿಗೆಲ್ಲ ಕುಡಿಯಲು ಅದೊಂದೇ ಬಾವಿ, ನೀರು ಖಾಲಿ ಮಾಡಿಸುವ ಮಾತೇ ಇಲ್ಲ. ಮುಳುಗಿ ನೋಡಿದವರ ಕೈಗೆ ಬಂದದ್ದು ಬರೀ ರಾಡಿ.

ಪಾಟ್ಲಿ ಕೊಟ್ಟವರು ನಮ್ಮ ಅತ್ತೆ. ಶುಕ್ರವಾರ ಬರುವವರಿದ್ದರು. ಬಂದವರು ಮೊದಲು ನೋಡೋದು ಮಗಳ ಕೈ, ಆಮೇಲೆ ಅಳಿಯನ ಮುಖ...

"ನಮ್ಮವ್ವ ಬರೂದ್ರಾಗ ಪಾಟ್ಲಿ ಸಿಗಲಿಲ್ಲಂದ್ರ ನಾ ಆಕಿ ಹಿಂದನ ಹೊಂಟಬಿಡ್ತೀನಿ ನೋಡ್ರಿ," ಅಂದಳು ಹೆಂಡತಿ.

ಆಗ ನೆನಪಾದವನು ಗಜೇಂದ್ರಗಡದ ಗೆಳೆಯ ದಾವಲಸಾಬ. ಯುದ್ಧಕ್ಕೆ ಹೋಗಿ ಬಂದವ, ಈಗ ರೇಡಿಯೋ ರಿಪೇರಿ. ನೆಲದಲ್ಲಿ ಹೂತ ಬಾಂಬು ಹುಡುಕುವ ಮಿಲಿಟರಿ ಮಶೀನೊಂದನ್ನು ಗುಜರಿಯಲ್ಲಿ ಕೊಂಡಿದ್ದ. ಹೇಳಿ ಕಳಿಸಿದ ಮರುದಿನವೇ ಅದನ್ನು ಹೊತ್ತು ಬಂದ.

ಉದ್ದನೆಯ ಕೋಲು, ತುದಿಗೆ ಪ್ಲೈವುಡ್ಡಿನ ಅಗಲ ತಟ್ಟೆ, ಅದರೊಳಗೆ ತಂತಿಯ ಸುರುಳಿ. ಲೋಹ ಹತ್ತಿರ ಬಂದರೆ ಹೆಡ್‌ಫೋನಿನಲ್ಲಿ ಕುಂಯ್ ಅನ್ನುತ್ತದೆ.

ತಟ್ಟೆಗೆಲ್ಲ ಮೇಣ ಬಳಿದು ನೀರಿಗಿಳಿಸಿದೆವು.

ಅದು ಎಣ್ಣೆಯೊಳಗಿನ ಹಪ್ಪಳದ ಹಾಗೆ ಮೇಲೆ ಬಂದು ಕೂತಿತು. ಕೋಲಿನಿಂದ ಒತ್ತಿದರೆ ಓರೆಯಾಗಿ ಪಕ್ಕಕ್ಕೆ ಜಾರಿ, ಮತ್ತೆ ಮೇಲೆ.

"ಭಾರ ಕಟ್ಟೂಣು," ಅಂದೆ ನಾನು. ಬಿ.ಎ. ಮಾಡಿದ ಸಾಲಿ ಮಾಸ್ತರನ ತಲೆ, ಸುಮ್ಮನಿರುತ್ತದೆಯೇ? ಕಿರಾಣಿ ಅಂಗಡಿಯಿಂದ ತಕ್ಕಡಿಯ ಕಬ್ಬಿಣದ ತೂಕಗಳನ್ನು ತಂದು ಬಿಗಿದೆ.

ತಟ್ಟೆ ಮುಳುಗಿತು. ಮುಳುಗಿದ ಕೂಡಲೇ... ಕುಂಯ್ಯ್ಯ್!

"ಬಂತ್ರೀ!" ದಾವಲಸಾಬ ಕುಣಿದ. ಎಡಕ್ಕೆ ಸರಿಸಿದರೂ ಕುಂಯ್, ಬಲಕ್ಕೆ ಸರಿಸಿದರೂ ಕುಂಯ್. "ಮಾಸ್ತರ, ಒಂದ ಪಾಟ್ಲಿ ಅಲ್ರೀ, ತಳದಾಗ ನಿಧಿನ ಐತಿ!"

ಓಣಿಯೆಲ್ಲ ಬಾವಿ ಸುತ್ತ ಜಮಾಯಿಸಿತು. ಯಾರಿಗೆ ಎಷ್ಟು ಪಾಲು ಅನ್ನುವ ಜಗಳವೂ ಶುರುವಾಯಿತು.

ಮೇಲೆತ್ತಿದೆವು. ಗಾಳಿಯಲ್ಲೂ ಕುಂಯ್...

ಮಶೀನು ಬಲು ನಿಷ್ಠೆಯಿಂದ ಕಿರಾಣಿ ಅಂಗಡಿಯ ತೂಕಗಳನ್ನೇ ಹುಡುಕಿ ಕೊಡುತ್ತಿತ್ತು.

"ಮಾಸ್ತರಗ ತಲಿಯಾಗ ಡಿಗ್ರಿ, ಕೈಯಾಗ ಬುಗ್ರಿ!" ಅಂದಳು ಪಕ್ಕದ ಮನೆಯ ಗಂಗವ್ವ. ಪ್ರಾಸ ಚೆನ್ನಾಗಿತ್ತು. ಬೈಸಿಕೊಂಡವ ನಾನಾಗಿರದಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ.

ಲೋಹವಲ್ಲದ ಭಾರ ಬೇಕು. ಹರಳುಪ್ಪಿನ ಚೀಲ ಕಟ್ಟಿದೆ.

ತಟ್ಟೆ ಶಾಂತವಾಗಿ ಇಳಿಯಿತು. ಸ್ವಲ್ಪ ಹೊತ್ತಿಗೆ ಅಷ್ಟೇ ಶಾಂತವಾಗಿ ತೇಲಿ ಬಂತು. ಚೀಲ ಖಾಲಿ.

ಗಂಗವ್ವ ಒಂದು ಬೊಗಸೆ ನೀರು ಕುಡಿದು, "ಇವತ್ತ ಸಾರಿಗೆ ಉಪ್ಪ ಹಾಕೂದು ಉಳೀತ ಬಿಡ," ಅಂತ ಕೊಡ ತುಂಬಿಕೊಂಡು ಹೋದಳು.

ಕೊನೆಗೆ ಹೆಂಡತಿ ಅಡುಗೆಮನೆಯಿಂದ ಚಟ್ನಿ ರುಬ್ಬುವ ಗುಂಡುಕಲ್ಲು ತಂದು ಕೈಗಿಟ್ಟಳು. ಅರಿವೆಯಲ್ಲಿ ಸುತ್ತಿ ತಟ್ಟೆಯ ಕೆಳಗೆ ಕಟ್ಟಿದೆ.

ಇಳಿಯಿತು. ತಳ ಮುಟ್ಟಿತು. ಮೆಲ್ಲಗೆ ಸರಿಸುತ್ತ ಹೋದ ಹಾಗೆ, ಒಂದು ಮೂಲೆಯಲ್ಲಿ ಸಣ್ಣಗೆ... ಕುಂಯ್.

ದಾವಲಸಾಬ ಕೋಲು ಹಿಡಿದುಕೊಂಡೇ ಮುಳುಗಿದ. ಮೇಲೆದ್ದಾಗ ತಲೆ ತುಂಬ ರಾಡಿ, ಕೈಯಲ್ಲಿ ಪಾಟ್ಲಿ!

ಆ ಖುಷಿಯಲ್ಲಿ ನಾನು ಮಶೀನನ್ನು ಜೋರಾಗಿ ಎಳೆದೆ. ಗಂಟು ಬಿಚ್ಚಿತು. ಗುಂಡುಕಲ್ಲು ಗುಳುಂ.

ಶುಕ್ರವಾರ ಅತ್ತೆ ಬಂದರು. ಮಗಳ ಕೈ ನೋಡಿದರು, ಪಾಟ್ಲಿ ಇದೆ. ನನ್ನ ಮುಖ ನೋಡಿದರು, ನಗು ಇದೆ. ಊಟಕ್ಕೆ ಕೂತು ಗಂಗಾಳ ನೋಡಿದರು...

"ಯಾಕ, ಚಟ್ನಿ ಇಲ್ಲೇನು? ನಾ ಕೊಟ್ಟ ಗುಂಡಕಲ್ಲ ಎಲ್ಲಿ ಹೋತು?"

ಕುಂಯ್ ಅನ್ನದ ಕಲ್ಲನ್ನು ಹುಡುಕುವ ಮಶೀನು ನಿಮ್ಮ ಕಡೆ ಯಾರ ಹತ್ತಿರವಾದರೂ ಇದೆಯೇ?